ಒಂಬತ್ತು ಸಲ ಓದದೇ ಮುಗಿಸಿದ ಬೈಬಲ್ಲು

ನನ್ನ ಅಡುಗೆಮನೆಯಲ್ಲಿ ಒಂಬತ್ತು ಸ್ಟೀಲ್ ಡಬ್ಬಿಗಳಿವೆ. ಒಂಬತ್ತೂ ಸುಳ್ಳು ಹೇಳಿ ತಗೊಂಡಿದ್ದು.

ಕದ್ದಿದ್ದಲ್ಲ. ಎಲ್ಲರ ಎದುರಿಗೆ ಕೈ ಎತ್ತಿ, ಚಪ್ಪಾಳೆ ತಟ್ಟಿಸಿಕೊಂಡು ತಗೊಂಡಿದ್ದು.

(ಪತ್ರಿಕೆಯ ಈ ಅಂಕಣ ವಾರವಾರ ನಾನು ಹೇಳೋದು, ಮೊಮ್ಮಗಳು ಬರೆಯೋದು. ಈ ವಾರ ಮೊದಲನೇ ಸಾಲಿಗೇ ಪೆನ್ನು ಕೆಳಗಿಟ್ಟು, "ಅಜ್ಜಿ, ಇದನ್ನ ನಿಜವಾಗ್ಲೂ ಪತ್ರಿಕೆಗೆ ಕಳಿಸ್ತೀಯಾ?" ಅಂದಳು. ಸುಮ್ಮನೆ ಬರಿ, ಅಂದೆ.)

ನಮ್ಮ ಚರ್ಚಿನ ಸಭೆಯ ಹೆಂಗಸರ ಸಂಘದಲ್ಲಿ ಒಂದು ಪದ್ಧತಿ. ಜನವರಿಯಲ್ಲಿ ಒಂದು ಚಾರ್ಟು ಕೊಡ್ತಾರೆ. ದಿನಕ್ಕೆ ಮೂರು ನಾಲ್ಕು ಅಧ್ಯಾಯ ಓದಿದರೆ ವರ್ಷಕ್ಕೆ ಇಡೀ ಬೈಬಲ್ ಮುಗಿಯುತ್ತೆ. ಡಿಸೆಂಬರಿನ ಕೊನೇ ಭಾನುವಾರ, "ಪೂರ್ತಿ ಓದಿದವರು ಕೈ ಎತ್ತಿ" ಅಂತಾರೆ. ಎತ್ತಿದವರಿಗೆ ಒಂದು ಸ್ಟೀಲ್ ಡಬ್ಬಿ.

ನಾನು ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ಅಕ್ಷರಕ್ಕೆ ಅಕ್ಷರ ಕೂಡಿಸಿ ಓದ್ತೀನಿ. ಒಂದು ಅಧ್ಯಾಯಕ್ಕೆ ಒಂದು ಬೆಳಗ್ಗೆ ಪೂರ್ತಿ ಬೇಕು. ಮೊದಲನೇ ವರ್ಷ ನಿಯತ್ತಾಗೇ ಶುರು ಮಾಡಿದೆ. ಮೊದಲನೇ ಪುಸ್ತಕ ಆದಿಕಾಂಡ ದಾಟಿದೆ. ಆಮೇಲೆ ಎರಡನೇ ಪುಸ್ತಕ ವಿಮೋಚನಕಾಂಡದಲ್ಲಿ ದೇವರ ಗುಡಾರದ ಪರದೆ ಎಷ್ಟು ಮೊಳ, ಅದಕ್ಕೆ ಕೊಂಡಿ ಎಷ್ಟು ಅಂತ ಬರುತ್ತಲ್ಲ, ಅಲ್ಲಿ ಕೂತವಳು ಏಳಲೇ ಇಲ್ಲ.

ಆದರೆ ಬೈಬಲಿನೊಳಗೆ ಗುರುತಿಗೆ ಅಂತ ಒಂದು ಕೆಂಪು ದಾರ ಇರುತ್ತೆ. ಶುಕ್ರವಾರದ ಪ್ರಾರ್ಥನೆ ಕೂಟದಲ್ಲಿ ಎಲ್ಲರೂ ಬೈಬಲನ್ನ ಮಡಿಲಲ್ಲಿಟ್ಟುಕೊಂಡು ಕೂತಾಗ ಯಾರ ದಾರ ಎಲ್ಲಿಗೆ ಬಂತು ಅಂತ ಎಲ್ಲರೂ ನೋಡ್ತಾರೆ. (ನೋಡಲ್ಲ ಅನ್ನಬೇಡಿ.) ಹಾಗಾಗಿ ಪ್ರತಿ ಗುರುವಾರ ನಾನು ದಾರವನ್ನ ಒಂದಷ್ಟು ಹಾಳೆ ಮುಂದಕ್ಕೆ ಸರಿಸ್ತಿದ್ದೆ. ದಾರ ಅರಣ್ಯಕಾಂಡ ದಾಟಿತು. ಕೀರ್ತನೆ ದಾಟಿತು. ಕಟ್ಟಕಡೇ ಪುಸ್ತಕ ಪ್ರಕಟನೆಗೂ ಹೋಗಿ ಸೇರಿತು.

ನಾನು ಗುಡಾರದಲ್ಲೇ ಇದ್ದೆ.

ಆ ಡಿಸೆಂಬರಿನಲ್ಲಿ ಪಕ್ಕದಲ್ಲಿ ಕೂತಿದ್ದ ಲೀಲಮ್ಮ ನನ್ನ ದಾರ ನೋಡಿ, "ಏನ್ ಕರುಣಮ್ಮ, ಮುಗಿಸ್ಬುಟ್ರಾ!" ಅಂದರು. ಇಲ್ಲ ಅನ್ನೋಕೆ ಬಾಯಿ ತೆರೆದೆ. ಅಷ್ಟರಲ್ಲಿ ಕೈ ಮೇಲೆ ಹೋಗಿತ್ತು.

ಒಂದು ವರ್ಷ ಎತ್ತಿದ ಕೈಯನ್ನ ಮುಂದಿನ ವರ್ಷ ಇಳಿಸೋದು ಹೆಂಗೆ? ಒಂಬತ್ತು ವರ್ಷ ಎತ್ತಿದೆ. ಕರುಣಮ್ಮ ಅಂದ್ರೆ ಆತ್ಮಿಕವಾಗಿ ಬೆಳೆದವರು ಅಂತ ಹೆಸರು ಬಂತು. ಪ್ರಾರ್ಥನೆ ಮಾಡದ ಸೊಸೆಯರಿಗೆ ಅತ್ತೆಯರು ನನ್ನನ್ನ ತೋರಿಸೋರು. ನಾಚಿಕೆಯಾಗಲಿಲ್ವಾ ಅಂತೀರಾ? ಮೊದಲ ಎರಡು ವರ್ಷ ಆಯ್ತು. ಆಮೇಲೆ ನನಗೇ ನಂಬಿಕೆ ಬಂದುಬಿಟ್ಟಿತು. ಸುಳ್ಳು ಹಳೇದಾದರೆ ಹಂಗೇ, ಮನೆಯವರ ಥರ ಆಗಿಬಿಡುತ್ತೆ.

ಈ ವರ್ಷ ನಿಂಗಮ್ಮ ಬಂದಳು.

ಇಲವಾಲದ ಕಡೆಯವಳು. ಹಾಸ್ಟೆಲ್ಲೊಂದರಲ್ಲಿ ಅಡುಗೆ ಕೆಲಸ. ಐವತ್ತು ದಾಟಿದೆ. ಸ್ಕೂಲಿನ ಮೆಟ್ಟಿಲು ಹತ್ತಿದವಳಲ್ಲ, ಹಾಸ್ಟೆಲ್ಲಿನ ಮಕ್ಕಳಿಂದ ಅಕ್ಷರ ಮಾತ್ರ ಕಲಿತಿದ್ದಾಳೆ. ನಮ್ಮ ಸಭೆಗೆ ಹೊಸಬಳು. ಅವಳಿಗೆ ಬೈಬಲ್ ತಾನೇ ಓದಬೇಕು ಅಂತ ಆಸೆ. ನಮ್ಮ ಪಾದ್ರಿ ಅಯ್ಯನವರ ಹೆಂಡತಿ ಯೋಚನೆಯನ್ನೇ ಮಾಡಲಿಲ್ಲ. "ಒಂಬತ್ತು ಸಲ ಓದಿರೋ ಕರುಣಮ್ಮ ಇರುವಾಗ ಇನ್ಯಾರು? ಮಂಗಳವಾರ ಮಂಗಳವಾರ ಅವರ ಮನೆಗೆ ಹೋಗಮ್ಮ" ಅಂದುಬಿಟ್ಟರು.

ಸರಿ, ಮಂಗಳವಾರ ವಿದ್ಯಾರಣ್ಯಪುರಂನ ನಮ್ಮ ಮನೆಗೆ ಬಂದಳು. ಬೈಬಲನ್ನ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಬಂದಿದ್ದಳು. ಮಾರ್ಕನ ಸುವಾರ್ತೆ ತೆಗೆಸಿದೆ, ಅದು ಚಿಕ್ಕದು ಅಂತ. ಓದೋಕೆ ಶುರು ಮಾಡಿದೆ. ನಾಲ್ಕನೇ ಪದಕ್ಕೇ ತಡವರಿಸಿದೆ. ಅವಳು ನನ್ನ ಬೆರಳನ್ನೇ ನೋಡ್ತಿದ್ದಳು.

"ಕಣ್ಣು ಮಂಜು ಕಣಮ್ಮ," ಅಂದೆ. "ಅಕ್ಷರ ಕಾಣಲ್ಲ."

ಹತ್ತನೇ ಸುಳ್ಳು. ಎಷ್ಟು ಸಲೀಸಾಗಿ ಬಂತು!

ಮುಂದಿನ ಮಂಗಳವಾರ ಎಂಟು ಗಂಟೆಗೇ ನಿಂಗಮ್ಮ ಬಾಗಿಲಲ್ಲಿ ನಿಂತಿದ್ದಳು. ತಲೆ ಬಾಚಿ ಹೂವು ಮುಡಿದು, ಒಗೆದ ಸೀರೆ ಉಟ್ಟು. ಕೈಯಲ್ಲಿ ಬೈಬಲ್ಲಿಲ್ಲ.

"ಏಳಿ ಅಮ್ಮ. ಕಣ್ಣಾಸ್ಪತ್ರೆಗೆ ಓಗಣ. ನಾನು ಕೆಲ್ಸಕ್ಕೆ ರಜ ಆಕ್ಬುಟ್ಟು ಬಂದಿವ್ನಿ. ಆಟೋನೂ ನಿಲ್ಸಿವ್ನಿ."

ಹೊರಗೆ ಆಟೋದವನು ಹಾರನ್ ಹೊಡೆದ. ನಾನು ಏನು ಮಾಡಲಿ? ಹೋಗಿ ಆ ಡಾಕ್ಟರ ಮುಂದೆಯೂ ಕಣ್ಣು ಕಾಣಲ್ಲ ಅಂತ ಕೂರಲಾ? ನನ್ನ ಕಣ್ಣು ಎಷ್ಟು ಚುರುಕು ಅಂದ್ರೆ, ಎದುರುಮನೆಯವರು ಒಣಗಿಸಿದ ಹಪ್ಪಳ ಇಲ್ಲಿಂದಲೇ ಎಣಿಸ್ತೀನಿ.

"ಆಟೋ ಕಳಿಸು," ಅಂದೆ. "ಕಣ್ಣು ಚೆನ್ನಾಗಿದೆ. ಓದೋಕೇ ಸರಿಯಾಗಿ ಬರಲ್ಲ. ಒಂಬತ್ತು ಸಲವೂ ಓದಿಲ್ಲ, ಒಂದು ಸಲವೂ ಓದಿಲ್ಲ. ದಾರ ಸರಿಸಿದೆ, ಅಷ್ಟೇ."

ತಿರುಗಿ ಹೋಗ್ತಾಳೆ ಅಂದುಕೊಂಡೆ. ಹೋಗಿದ್ದರೆ ನಾನೇನೂ ಅನ್ನೋ ಹಾಗಿರಲಿಲ್ಲ.

ಅವಳು ಹೊಸ್ತಿಲ ಮೇಲೇ ಕೂತುಬಿಟ್ಟಳು. ಸೆರಗಿನಿಂದ ಮುಖ ಒರೆಸಿಕೊಂಡಳು. "ಸದ್ಯ!" ಅಂದಳು. "ಒಂಬತ್ ಸಲ ಓದಿರೋರ ಮುಂದೆ ನಾನು ಎಂಗೆ ತಪ್ಪು ತಪ್ಪು ಓದ್ಲಿ ಅಂತ ಎದ್ರಿಕೆ ಆಗೋದು ಕಣಮ್ಮ. ಕಳ್ದ್ ವಾರ ಬಸ್ ಸ್ಟಾಪಿಂದ್ಲೇ ವಾಪಸ್ ಓಗ್ಬುಡಣ ಅನ್ಕಂಡಿದ್ದೆ. ಇವತ್ತೊಂದಿನ ಆಸ್ಪತ್ರೆಗೆ ಕರ್ಕೊಂಡೋಗಿ, ಆಮೇಲಿಂದ ಬರದೇ ಬ್ಯಾಡ ಅಂತ ಇದ್ದೆ."

ನೋಡಿ. ನನ್ನ ಬೆಳವಣಿಗೆ ನೋಡಿ ಯಾರೋ ನಂಬಿಕೆಗೆ ಹತ್ತಿರ ಬರ್ತಾರೆ ಅಂತ ನಾನು ಎಣಿಸಿದ್ದೆ. ಅದನ್ನ ನೋಡಿಯೇ ಒಬ್ಬಳು ವಾಪಸ್ ಬಸ್ಸು ಹತ್ತೋಕೆ ಹೊರಟಿದ್ದಳು.

ಆ ಶುಕ್ರವಾರದ ಕೂಟ ರಾಮಕೃಷ್ಣನಗರದ ಲೀಲಮ್ಮನ ಮನೆಯಲ್ಲಿತ್ತು. ಒಂಬತ್ತು ಡಬ್ಬಿ ಖಾಲಿ ಮಾಡಿ, ತೊಳೆದು, ದೊಡ್ಡ ಬ್ಯಾಗಿನಲ್ಲಿ ಹೊತ್ತುಕೊಂಡು ಹೋದೆ. ದೇವರು ತಮಗೆ ಮಾಡಿದ್ದರ ಸಾಕ್ಷಿ ಹೇಳುವವರು ಏಳಿ ಅಂದಾಗ ಎದ್ದೆ. ಇದ್ದದ್ದನ್ನ ಇದ್ದ ಹಾಗೆ ಹೇಳಿದೆ. ಡಬ್ಬಿ ನಡುಮನೆಯಲ್ಲಿ ಸಾಲಾಗಿ ಇಟ್ಟೆ.

ಅಯ್ಯನವರ ಹೆಂಡತಿ ಎದ್ದು ಬಂದು ಒಂದು ಡಬ್ಬಿಯ ಮುಚ್ಚಳ ತೆಗೆದು ಮೂಸಿದರು.

"ಇದು ಯಾರಿಗೆ ಬೇಕು ಕಣ್ರೀ? ಉಪ್ಪಿನಕಾಯಿ ನಾರುತ್ತೆ. ನೀವೇ ಇಟ್ಕೊಳ್ಳಿ," ಅಂದರು. "ಚಾರ್ಟು ಮಾತ್ರ ವಾಪಸ್ ಕೊಡಿ. ಅದನ್ನ ಹಂಚಿದ್ದು ನಮ್ಮ ತಪ್ಪು."

ಎಲ್ಲರೂ ನಕ್ಕರು. ನಾನೂ ನಕ್ಕೆ. ಕಚ್ಚುತ್ತಿದ್ದ ಚಪ್ಪಲಿ ಕಳಚಿ ತಣ್ಣನೆ ನೆಲದ ಮೇಲೆ ಕಾಲಿಟ್ಟ ಹಾಗಾಯ್ತು. ಒಬ್ಬರು ಮಾತ್ರ ನಗಲಿಲ್ಲ. ಹನ್ನೊಂದು ಡಬ್ಬಿ ಗೆದ್ದಿದ್ದ ಲೀಲಮ್ಮ ತಮ್ಮ ಬೈಬಲಿನ ದಾರದ ಮೇಲೆ ಮೆಲ್ಲಗೆ ಸೆರಗು ಎಳೆದುಕೊಂಡರು. (ನಾನು ಏನೂ ಹೇಳ್ತಿಲ್ಲ. ನನ್ನ ಕಣ್ಣು ಚುರುಕು ಅಂದೆನಲ್ಲ, ಅಷ್ಟೇ.)

ಈಗ ನಿಂಗಮ್ಮನೂ ನಾನೂ ಮಾರ್ಕನ ಎರಡನೇ ಅಧ್ಯಾಯದಲ್ಲಿದ್ದೀವಿ. ಮೂರು ವಾರವಾಯ್ತು. ಲಕ್ವ ಹೊಡೆದವನನ್ನ ನಾಲ್ಕು ಜನ ಹೊತ್ತು ತಂದು, ಮನೆಯ ಸೂರು ಕಿತ್ತು, ಯೇಸುವಿನ ಮುಂದೆ ಇಳಿಸಿದ ಕತೆ. ಹುಟ್ಟಿದಾಗಿನಿಂದ ಕೇಳಿದ್ದೀನಿ. ನಿಂಗಮ್ಮ ಪದ ಕೂಡಿಸಿ ಮುಗಿಸಿ, ಬೆರಳನ್ನ ಅಲ್ಲೇ ಇಟ್ಟು ಕೇಳಿದಳು: "ಆ ಸೂರನ್ನ ಆಮೇಲೆ ಯಾರಮ್ಮ ಕಟ್ಕೊಟ್ಟೋರು?"

ಒಂಬತ್ತು ವರ್ಷ ದಾರ ಸರಿಸಿದಾಗ ಇಂಥ ಒಂದು ಪ್ರಶ್ನೆಯೂ ನನ್ನ ತಲೆಗೆ ಬಂದಿರಲಿಲ್ಲ. ಎಲ್ಲಿಂದ ಬಂದೀತು?

ನನ್ನ ದಾರ ಈಗ ನಾನಿರುವ ಕಡೆಯೇ ಇದೆ. ನಿಮ್ಮದು?