ಬಣವೆಯೊಳಗಿನ ಕಾವು

ಕಳೆದ ವಾರ ಜೇವರ್ಗಿಯಲ್ಲಿ ನಮ್ಮ ಹಿಂದಿನ ಓಣಿಯಲ್ಲಿ ನಡೆದು ಹೋಗುವಾಗ ಆ ವಾಸನೆ ಬಂತು. ಬೆಲ್ಲದ ಪಾಕ ಒಲೆಯ ಮೇಲೆ ಹೆಚ್ಚು ಹೊತ್ತು ನಿಂತು ತಳ ಹಿಡಿಯುವಾಗ ಬರುತ್ತದಲ್ಲ, ಅಂಥದ್ದು. ಜೊತೆಗೆ ತುಸು ತಂಬಾಕಿನ ಘಾಟು. ನೋಡಿದರೆ ಹಾಲು ಮಾರುವಾಕೆಯ ದೊಡ್ಡಿಯಲ್ಲಿ ಶೇಂಗಾ ಬಳ್ಳಿಯ ಬಣವೆ. ಹೊರಗಿನಿಂದ ಏನೂ ಇಲ್ಲ, ಒಣ ಮೇವು, ಮೇಲೊಂದು ಕಾಗೆ. ನನ್ನ ಕಾಲು ಮಾತ್ರ ಅಲ್ಲೇ ನಿಂತುಬಿಟ್ಟಿತು. ಈ ವಯಸ್ಸಿನಲ್ಲೂ ಎದೆ ಡವಡವ ಅನ್ನಲು ನನಗೆ ಇಷ್ಟು ಸಾಕು.

ಆ ವಾಸನೆಯ ಗುರುತು ಹೇಳಿಕೊಟ್ಟವರು ನಾನು ಕಾಕಾ ಎಂದು ಕರೆಯುತ್ತಿದ್ದ ಒಬ್ಬ ರೈತರು. ತೊಂಬತ್ತರ ದಶಕದ ನಡುವೆ ಆಳಂದದ ಹುಡುಗಿಯಾದ ನಾನು ಅಫಜಲಪುರ ತಾಲೂಕಿನ ಒಂದು ಹಳ್ಳಿಗೆ ವಿಜ್ಞಾನ ಕಲಿಸಲು ಹೋದೆ. ಕಾಕಾ ನನಗೆ ತಮ್ಮ ಹಿತ್ತಲಿನ ಕೋಣೆಯನ್ನು ಬಾಡಿಗೆಗೆ ಕೊಟ್ಟರು. ಕೋಣೆಯ ಗೋಡೆಗೆ ನಾಲ್ಕು ಹೆಜ್ಜೆ ಆಚೆ ಅವರ ಬಣವೆ. ಎರಡು ಎತ್ತು, ಒಂದು ಎಮ್ಮೆಯ ವರ್ಷದ ಹೊಟ್ಟೆ ಅದು. ಊರಲ್ಲಿ ಯಾರು ಬಣವೆ ಒಟ್ಟಿದರೂ ಕಾಕಾರನ್ನೇ ಕರೆಯುತ್ತಿದ್ದರು. ಹೊಸ ಬಣವೆಗೆ ಉದ್ದನೆಯ ಕಬ್ಬಿಣದ ಸಲಾಕೆ ಚುಚ್ಚಿಟ್ಟು, ಎರಡು ದಿನಕ್ಕೊಮ್ಮೆ ಎಳೆದು, ಒಳಗಿನ ಕಾವು ತಿಳಿಯಲು ಅಂಗೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಚಿಂತೆಯಿಲ್ಲ ಎಂಬಂತೆ ‘ಹೂಂ’ ಅನ್ನುತ್ತಿದ್ದರು. ನಾಡಿ ನೋಡುವ ವೈದ್ಯರ ಗತ್ತು! ಹಲ್ಲಿ ಲೊಚಗುಟ್ಟಿದರೂ ಬೆಚ್ಚುವ ನನಗೆ ಆ ‘ಹೂಂ’ ಕೇಳಿದರೆ ಏನೋ ಸಮಾಧಾನ.

ಆಗ ಪತ್ರಿಕೆಯಲ್ಲಿ ಆಕಾಶದ ಒಂದು ಚಿತ್ರ ಬಂದಿತ್ತು. ಅನಿಲ ಮತ್ತು ಧೂಳಿನ ಮೂರು ಕಪ್ಪು ಕಂಬಗಳು. ಒಂದರ ಬುಡದಿಂದ ತುದಿಗೆ ಬೆಳಕು ಹೋಗಿ ಮುಟ್ಟಲೇ ವರ್ಷಗಳು ಬೇಕು; ತುದಿಯಲ್ಲಿರುವ ಪುಟ್ಟ ಗಂಟುಗಳು ಒಂದೊಂದೂ ನಮ್ಮ ಸೌರಮಂಡಲಕ್ಕಿಂತ ದೊಡ್ಡವು. ಅವುಗಳೊಳಗೆ ನಕ್ಷತ್ರಗಳು ಹುಟ್ಟುತ್ತಿವೆ ಎಂದು ಬರೆದಿತ್ತು. ಮಕ್ಕಳಿಗೆ ತೋರಿಸಲೆಂದು ಕತ್ತರಿಸಿಟ್ಟೆ, ಆದರೆ ನನಗೇ ಅದನ್ನು ನೋಡಲು ಭಯ. ಯಾರೋ ಕತ್ತಲಿನಿಂದ ಬೆರಳೆತ್ತಿ ನನ್ನನ್ನೇ ತೋರಿಸಿದಂತೆ… ಪುಸ್ತಕದಲ್ಲಿ ಮಗುಚಿ ಇಟ್ಟಿದ್ದೆ. ತರಗತಿಯಲ್ಲಿ ಒಬ್ಬಳು ಎದ್ದು, ಅಷ್ಟು ಕತ್ತಲು, ಅಷ್ಟು ತಂಪು ಇರುವಲ್ಲಿ ಬೆಂಕಿ ಹೇಗೆ ಹೊತ್ತುತ್ತದೆ ಎಂದು ಕೇಳಿದಳು. ಸೋಮವಾರ ಹೇಳುತ್ತೇನೆ ಎಂದು ತಪ್ಪಿಸಿಕೊಂಡೆ.

ಮರುದಿನ ರವಿವಾರ. ಕಾಕಾ ವಾರದ ಮಟ್ಟಿಗೆ ನೆಂಟರ ಊರಿಗೆ ಹೋಗಿದ್ದವರು ಅಂದು ಬೆಳಿಗ್ಗೆ ಬಂದಿದ್ದರು. ಪಾಠಕ್ಕೆಂದು ನಾನು ಹೊರತೆಗೆದಿದ್ದ ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು.

“ಇದು ಹೊಗಿ ಏನ್ರಿ, ಅಕ್ಕೋರ?”

“ಹೊಗಿ ಅಲ್ಲ ಕಾಕಾ, ಧೂಳು. ಇದರೊಳಗ ಚಿಕ್ಕಿ ಹುಟ್ಟಾಕತ್ತಾವಂತ.”

ನನಗೆ ತಿಳಿದಷ್ಟು ಹೇಳಿದೆ. ಧೂಳು, ಅನಿಲ ಒಂದು ಕಡೆ ದಟ್ಟವಾಗುತ್ತವೆ. ತಮ್ಮದೇ ಭಾರಕ್ಕೆ ಒಳಗೊಳಗೇ ಕುಸಿಯುತ್ತವೆ. ನಡುವೆ ಒತ್ತಡ ಹೆಚ್ಚಿ ಕಾವು ಏರುತ್ತದೆ. ಏರಿ ಏರಿ ಒಂದು ದಿನ ನಡುಗರ್ಭ ಹೊತ್ತಿಕೊಳ್ಳುತ್ತದೆ. ಸುತ್ತಲಿನ ಧೂಳಿನಿಂದಾಗಿ ಹೊರಗಿನವರಿಗೆ ಸುಳಿವೇ ಸಿಗುವುದಿಲ್ಲ. ಕಾಕಾ ನಕ್ಕರು.

“ಹೊರಗ ಕಪ್ಪು, ಒಳಗ ಕಾವು. ನಮ್ಮ ಬಣವಿಗತೆ ಅದ ನೋಡ್ರಿ. ಬರ್ರಿ, ತೋರಸ್ತೇನಿ.”

ಬಣವೆಯ ಕಾವು ಭಾರದಿಂದಲ್ಲ, ಒಳಗಿನ ಹಸಿಯಿಂದ ಎಂದು ತಿದ್ದಬೇಕೆನಿಸಿತು, ಮೇಷ್ಟ್ರ ಬುದ್ಧಿ. ಆದರೆ ಅವರು ಆಗಲೇ ಸಲಾಕೆ ಎಳೆದಿದ್ದರು. ಎಳೆದವರು ಹೌಹಾರಿ ಅದನ್ನು ಕೆಳಗೆ ಹಾಕಿದರು. ಮುಖದ ನಗೆ ಹೋಗಿತ್ತು. ಆ ವರ್ಷ ಕಿತ್ತ ಶೇಂಗಾ ಬಳ್ಳಿಯ ಮೇಲೆ ಮಳೆ ಹೊಡೆದಿತ್ತು. ಇನ್ನೊಂದು ಮಳೆಯ ಹೆದರಿಕೆಗೆ ಅವಸರದಲ್ಲಿ ಒಟ್ಟಿದ್ದರು. ಮೂಗು ಹತ್ತಿರ ಒಯ್ಯಿರಿ ಎಂದರು. ಬೆಲ್ಲ ಸೀದ ವಾಸನೆ.

“ಮಂದಿ ಕರಕೊಂಡು, ನೀರು ತರಸ್ತೇನಿ. ನಾ ಬರೂತನಾ ಇದಕ್ಕ ಕೈ ಹಚ್ಚಬ್ಯಾಡ್ರಿ. ಗಾಳಿ ಹೊಕ್ಕರ ಮುಗೀತು.”

ಅವರು ಓಡಿದರು. ನಾನೊಬ್ಬಳೇ ನಿಂತೆ. ಹತ್ತು ನಿಮಿಷ ಇದ್ದೀತು. ಬಣವೆಯ ನೆತ್ತಿಯಲ್ಲಿ ನೂಲಿನಷ್ಟು ತೆಳ್ಳಗೆ ಹಬೆ ಎದ್ದಿತು. ಗೋಡೆಯಾಚೆ ನನ್ನ ಹಾಸಿಗೆ, ಪುಸ್ತಕ, ಪಕ್ಕದಲ್ಲಿ ಕಟ್ಟಿದ ಎಮ್ಮೆ… ಬಿಸಿ ಅನ್ನದ ಮುಚ್ಚಳ ತೆಗೆದರೆ ಆರುತ್ತದಲ್ಲ, ಇದೂ ಹಾಗೆಯೇ ಎಂದುಕೊಂಡೆ. ಓದಿದವಳ ದಡ್ಡತನ! ಎರಡೂ ಕೈಯಿಂದ ಪಕ್ಕದ ಬಳ್ಳಿಯನ್ನು ಸೆಳೆಯತೊಡಗಿದೆ. ಮೂರನೆಯ ತೆಕ್ಕೆಗೆ ಒಳಗೆ ಇದ್ದಿಲಿನಂತೆ ಕಪ್ಪಾದ ಗೂಡು ಕಂಡಿತು. ಅದರ ನಡುವೆ ಒಂದು ಕೆಂಪು ಚುಕ್ಕೆ. ನಾನು ನೋಡುತ್ತಿದ್ದಂತೆಯೇ ಅದು ಉಸಿರು ಎಳೆದುಕೊಂಡಿತು, ಭುಗಿಲೆಂದಿತು.

ಸೆರಗಿಗೆ ಬೆಂಕಿ ತಾಗಿದ್ದು ನನಗೆ ತಿಳಿಯಲೇ ಇಲ್ಲ. ತಿಳಿದದ್ದು, ಎಲ್ಲಿಂದಲೋ ಬಂದ ಕಾಕಾ ಆ ಸೆರಗನ್ನು ಎರಡೂ ಅಂಗೈಯಲ್ಲಿ ಹಿಡಿದು ಹೊಸಕುತ್ತಿದ್ದದ್ದು. ಸೀರೆ ಅವರ ಕೈಗೆ ಅಂಟಿತ್ತು. ಅವರು ಬಿಡಲಿಲ್ಲ. ಮಂದಿ ನೀರು ಹೊಯ್ದರು. ಎಮ್ಮೆ ಉಳಿಯಿತು, ಕೋಣೆ ಉಳಿಯಿತು, ಬಣವೆ ಹೋಯಿತು. ನನಗೆ ಒಂದು ಬೊಬ್ಬೆಯೂ ಏಳಲಿಲ್ಲ.

ಕಾಕಾ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು… ಕೈ ಮಾಯಲು ತಿಂಗಳುಗಳೇ ಹಿಡಿದವು. ಅಂಗೈಯ ಚರ್ಮ ಬಿಗಿದು ನುಣ್ಣಗೆ ಹೊಳೆಯತೊಡಗಿತು. ಮರುವರ್ಷ ಹೊಸ ಬಣವೆಯಿಂದ ಸಲಾಕೆ ಎಳೆದರು. ಈ ಕೈಯಲ್ಲಿ ಹಿಡಿದರು, ಆ ಕೈಯಲ್ಲಿ ಹಿಡಿದರು. ಮೊಣಕೈಗೆ, ಕೆನ್ನೆಗೆ ತಾಗಿಸಿದರು. ಅಂಗೈಗಿದ್ದ ಅಳತೆ ಅವಕ್ಕಿರಲಿಲ್ಲ. ಕೊನೆಗೆ ನನ್ನ ಕಡೆ ಚಾಚಿದರು.

“ನೀವ ಹೇಳ್ರಿ, ಅಕ್ಕೋರ. ನನಗ ತಿಳೀವಲ್ದು.”

ಅಂಗೈಯಲ್ಲಿ ಹಿಡಿದು, ತಣ್ಣಗದ ಕಾಕಾ, ಎಂದೆ. ಅವರು ನಂಬಿದರು. ಊರವರು ಅವರನ್ನು ಬಣವೆಗೆ ಕರೆಯುವುದನ್ನು ನಿಧಾನವಾಗಿ ಬಿಟ್ಟರು. ನನಗೆ ವರ್ಗವಾಯಿತು. ಅವರು ಹೋದ ಸುದ್ದಿ ಬಂದಾಗ ದಿನಕರ್ಮಗಳೂ ಮುಗಿದಿದ್ದವು.

ಕಳೆದ ವಾರ ಆ ದೊಡ್ಡಿಯ ಮುಂದೆ ನಿಂತೇ ಹಾಲಿನಾಕೆಯನ್ನು ಕೂಗಿ ಕರೆದೆ. ವಾಸನೆಯ ವಿಷಯ ಕೇಳಿ, “ತಡೀರಿ, ಬಿಚ್ಚಿ ಗಾಳಿಗಿ ಹಾಕ್ತೇನಿ,” ಎಂದು ಆಕೆ ಕೈ ಚಾಚಿದಳು. “ಕೈ ಹಚ್ಚಬ್ಯಾಡ್ರಿ!” ಎಂದು ನಾನು ಕಿರುಚಿದ ರೀತಿಗೆ ಓಣಿಯೇ ಹೊರಗೆ ಬಂತು. ಸಲಾಕೆ ತರಿಸಿ ಚುಚ್ಚಿಸಿದೆ. ಅರ್ಧ ಗಂಟೆ ಕಾದು ಎಳೆದು, ಅಂಗೈಯಲ್ಲಿ ಹಿಡಿದು, ಕಣ್ಣು ಮುಚ್ಚಿದೆ. ಬೆಚ್ಚಗಿತ್ತು. ಇಷ್ಟು ಬೆಚ್ಚಗಿದ್ದರೆ ಕಾಕಾ ‘ಹೂಂ’ ಅನ್ನುತ್ತಿದ್ದರೋ, ಮಂದಿಯನ್ನು ಕರೆಯಲು ಓಡುತ್ತಿದ್ದರೋ… ಅದನ್ನು ಬಲ್ಲ ಕೈಯನ್ನು ನಾನೇ ಸುಟ್ಟಿದ್ದೆ. ನೀರು ತನ್ನಿರಿ ಎಂದು ಕೂಗಿದೆ.