ಹನ್ನೊಂದು ಒಂದುಗಳು

ದಾಲ್ಸ್‌ಲಾಂಡ್ ಕಾಲುವೆಯಲ್ಲಿ ದೋಣಿ ದಾಟಿಸುವ ನೀರಿನ ಬಾಗಿಲು ಕಾಯುತ್ತಿದ್ದ ಅಣ್ಣ ಆಲ್ಗೋತನ ಮನೆಗೆ ಹುಲ್ಡಾ ಬಂದಾಗ ಅವಳಿಗೆ ಮೂವತ್ತೆರಡು. ಅತ್ತಿಗೆ ಹೆರಿಗೆಯಲ್ಲಿ ತೀರಿಕೊಂಡಿದ್ದಳು, ಕೂಸೂ ಉಳಿದಿರಲಿಲ್ಲ. ಒಂದು ಬೇಸಿಗೆ ಇದ್ದು ಹೋದರಾಯಿತು ಎಂದುಕೊಂಡವಳು ಹತ್ತೊಂಬತ್ತು ವರ್ಷ ಉಳಿದಳು. ದಿಮ್ಮಿ ಸಾಗಿಸುವ ದೋಣಿಯವನೊಬ್ಬ ಎರಡು ಸಲ ಮದುವೆಯ ಮಾತೆತ್ತಿದ್ದ. ಅಣ್ಣನಿಗೆ ಗಂಜಿ ಕಾಯಿಸುವವರು ಯಾರು ಎಂದು ಇವಳೇ ಬೇಡವೆಂದಳು.

ಚಳಿಗಾಲದಲ್ಲಿ ಕಾಲುವೆ ಹೆಪ್ಪುಗಟ್ಟಿದರೆ ಐದು ತಿಂಗಳು ಕೆಲಸವಿಲ್ಲ. ಎದೆಯ ಕಾಯಿಲೆ ಹಿಡಿದ ಮೇಲೆ ಆಲ್ಗೋತ್ ಆ ತಿಂಗಳುಗಳನ್ನು ಒಂದು ಸಂಖ್ಯೆಗೆ ಕೊಟ್ಟ. ಸಾಲಾಗಿ ಬರೆದ ಹನ್ನೊಂದು ಒಂದುಗಳು. ಅದನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆ ಇದೆಯೇ, ಇಲ್ಲವೇ? ಇದ್ದರೆ ಅದು ಇಪ್ಪತ್ತೆರಡರ ಮಗ್ಗಿಯಲ್ಲಿ ಬರುವ ಸಂಖ್ಯೆಗಿಂತ ಒಂದು ಹೆಚ್ಚಿನದೇ ಆಗಿರಬೇಕೆಂದು ಪಾದ್ರಿ ಕೊಟ್ಟ ಹಳೆಯ ಪುಸ್ತಕದಲ್ಲಿತ್ತು. ಅಂಥವುಗಳಲ್ಲಿ ಅವಿಭಾಜ್ಯವಾದವನ್ನು ಆರಿಸಿ, ಇಪ್ಪತ್ತಮೂರರಿಂದ ಲಕ್ಷದಾಚೆ ಆ ಸಂಖ್ಯೆಯ ವರ್ಗಮೂಲ ಮುಟ್ಟುವವರೆಗೆ, ದಿನಕ್ಕೆ ಎರಡೋ ಮೂರೋ ಭಾಗಾಕಾರ ಮಾಡುತ್ತ ಹೋದ. ಹುಲ್ಡಾ ಲೆಕ್ಕ ತಪ್ಪಿಲ್ಲವೇ ಎಂದು ಅಂಕಿಗಳನ್ನು ಕೂಡಿ, ಒಂಬತ್ತುಗಳನ್ನು ಕಳೆದು, ತಾಳೆಯಾದರೆ ಪಕ್ಕದಲ್ಲಿ ನೀಲಿ ಗುರುತು ಹಾಕುತ್ತಿದ್ದಳು.

ಮೂರನೆಯ ಚಳಿಗಾಲದಲ್ಲಿ ಲೆಕ್ಕ ಮುಗಿಯಿತು. "ಯಾವುದಕ್ಕೂ ಬಗ್ಗಲಿಲ್ಲ ಕಣೇ" ಎಂದು ನಕ್ಕ ಆಲ್ಗೋತ್. ಅವನು ನಕ್ಕಿದ್ದನ್ನು ಅವಳು ನೋಡಿ ಬಹಳ ಕಾಲವಾಗಿತ್ತು. ಶುದ್ಧ ಪ್ರತಿ ಮಾಡಿಕೊಟ್ಟರೆ ಲುಂಡ್ ವಿಶ್ವವಿದ್ಯಾಲಯದ ಗಣಿತದ ಪ್ರೊಫೆಸರರಿಗೆ ಕಳಿಸುತ್ತೇನೆಂದು ಪಾದ್ರಿ ಹೇಳಿದರು.

ಪ್ರತಿ ಮಾಡುವಾಗಲೇ ಹುಲ್ಡಾಳ ಕೈ ನಿಂತಿತು. ಮೊದಲ ಚಳಿಗಾಲದ ಪುಟ; ಭಾಜಕ 21649. ನಡುವೆ 5174 ಎಂದು ಇಳಿಸಬೇಕಾದಲ್ಲಿ ಅಣ್ಣ 5147 ಎಂದು ಇಳಿಸಿದ್ದ. ಅಂಕಿ ಅದಲುಬದಲಾದರೂ ಮೊತ್ತ ಅದೇ, ಹಾಗಾಗಿ ಅವಳ ತಾಳೆ ತಪ್ಪನ್ನು ಹಿಡಿದಿರಲಿಲ್ಲ. ಪಕ್ಕದಲ್ಲಿ ನೀಲಿ ಗುರುತಿತ್ತು. ಸರಿಪಡಿಸಿ ಭಾಗಿಸಿದಳು. 513239 ಬಂತು, ಶೇಷ ಸೊನ್ನೆ.

ಎರಡು ದಿನ ಬಾಯಿ ಬಿಡಲಿಲ್ಲ. ಆಲೂಗಡ್ಡೆ ಸೀಯಿಸಿದಳು, ಒಲೆ ಆರಿಹೋಗಲು ಬಿಟ್ಟಳು. ಮೂರನೆಯ ದಿನ ಲೆಕ್ಕದ ಪುಸ್ತಕ ತಂದು ಅವನ ಮುಂದಿಟ್ಟಳು. ಆಲ್ಗೋತ್ ತಾನೇ ಇನ್ನೊಮ್ಮೆ ಭಾಗಿಸಿ ನೋಡಿದ.

"ಎರಡು ವರ್ಷದ ಹಿಂದೇನೇ ಸಿಕ್ಕಿತ್ತಲ್ಲೇ."

"ನಾನು ಸರಿಯಾಗಿ ನೋಡ್ಲಿಲ್ಲ ಅಣ್ಣ."

"ನೀನು ಕೂಡಿದ್ದು ಸರೀನೇ ಇತ್ತು. ಬರೆದೋನು ನಾನು." ಪುಸ್ತಕ ಮುಚ್ಚಿಟ್ಟು ಅಂದ, "ಹೇಳ್ದೆ ಇರಬಹುದಿತ್ತು ನೀನು."

ಅದು ಮೆಚ್ಚುಗೆಯೋ ಆಕ್ಷೇಪಣೆಯೋ ಅವಳಿಗೆ ತಿಳಿಯಲಿಲ್ಲ, ಕೇಳುವ ಧೈರ್ಯವೂ ಬರಲಿಲ್ಲ. ಅವನು ಮತ್ತೆ ಪೆನ್ಸಿಲ್ ಕೇಳಲಿಲ್ಲ. ಕಾಲುವೆಯ ಹಿಮ ಒಡೆಯುವ ಮೊದಲೇ ತೀರಿಕೊಂಡ.

ಹುಲ್ಡಾ ಸರಿಪಡಿಸಿದ ಪ್ರತಿಯನ್ನೇ ಕಳಿಸಿದಳು. ಪ್ರೊಫೆಸರರು ಮರ್ಯಾದೆಯಿಂದ ಉತ್ತರ ಬರೆದರು: ಲೆಕ್ಕ ಸರಿಯಾಗಿದೆ, ಆದರೆ ಆ ಎರಡು ಸಂಖ್ಯೆಗಳು ಅಚ್ಚಿನ ಕೋಷ್ಟಕಗಳಲ್ಲಿ ಎಷ್ಟೋ ವರ್ಷಗಳಿಂದ ಇವೆ. ಆ ಕಾಗದವನ್ನು ಅವಳು ಯಾರಿಗೂ ತೋರಿಸಲಿಲ್ಲ.

ಕಾಲುವೆಗೆ ಹೊಸ ಕಾವಲುಗಾರ ಬಂದ. ಅವಳು ಪಟ್ಟಣಕ್ಕೆ ಹೋಗಿ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿದಳು. ಜೊತೆಯ ಕೆಲಸದವಳು ಒಮ್ಮೆ ಅಣ್ಣನ ವಿಷಯ ಕೇಳಿದಾಗ ಇಷ್ಟೇ ಹೇಳಿದಳು: "ಅವನಿಗೆ ಬೇಕಾಗಿದ್ದು ನಿಜವಾದ ಉತ್ತರ. ಅದನ್ನ ನಾನು ಹೇಳಿದೆ. ಸರಿಯಾಯ್ತೋ ಇಲ್ವೋ, ಇವತ್ತಿಗೂ ಗೊತ್ತಿಲ್ಲ."

ಆ ಹೆಂಗಸು ಒದ್ದೆ ಚಾದರದ ಇನ್ನೊಂದು ತುದಿ ಹಿಡಿದಳು, ಇಬ್ಬರೂ ಹಿಂಡತೊಡಗಿದರು.