ತೂತು ಕೊರೆದ ಮೇಲೆ ತಟ್ಟದ ಕಲ್ಲು

ಹನ್ನೊಂದು ಸೆಕೆಂಡುಗಳ ಆ ವಿಡಿಯೊ ಇನ್ನೂ ನನ್ನ ಫೋನಿನಲ್ಲಿದೆ. ಮುಳಬಾಗಿಲಿನ ಕಾಲೇಜಿನಲ್ಲಿ ಪಾಠದ ನಡುವೆ ಬಿಡುವು ಸಿಕ್ಕಾಗ ಸ್ಟಾಫ್ ರೂಮಿನ ಮೂಲೆಯಲ್ಲಿ ಕೂತು ಅದನ್ನು ಕಿವಿಗೆ ಹಿಡಿಯುತ್ತೇನೆ. ನೋಡುವುದಿಲ್ಲ, ಕೇಳುತ್ತೇನೆ ಅಷ್ಟೆ. ನಾಲ್ಕನೆಯ ಸೆಕೆಂಡಿನಲ್ಲಿ ಚೆಂಡು ಹಲಗೆಗೆ ಬಡಿಯುತ್ತದೆ. ಆ ಸದ್ದು ಸರಿಯಿಲ್ಲ.

ನಮ್ಮದು ಶಿವಾರಪಟ್ಟಣದಲ್ಲಿ ವಿಗ್ರಹ ಕೆತ್ತುವ ಮನೆ. ಅಣ್ಣ ಮಾತ್ರ ಉಳಿ ಹಿಡಿಯಲಿಲ್ಲ. ಹದಿನಾಲ್ಕಕ್ಕೇ ಬಾಗಿಲ ಚೌಕಟ್ಟಿಗೆ ತಲೆ ತಗುಲುವಷ್ಟು ಬೆಳೆದು, ಕ್ರೀಡಾ ಹಾಸ್ಟೆಲ್ ಸೇರಿ, ಬ್ಯಾಸ್ಕೆಟ್‌ಬಾಲ್ ಆಡುವುದನ್ನೇ ಕೆಲಸ ಮಾಡಿಕೊಂಡ. ಫಾರಿನ್ ಆಟಗಾರ ಎಂದು ಊರಿನವರಿಗೆ ಹೆಮ್ಮೆ. ಆ ಕೆಲಸ ಎಂಥದ್ದೆಂದು ಮನೆಯವರಿಗೆ ಗೊತ್ತಿತ್ತು. ಮಾಲ್ಡೀವ್ಸ್‌ನ ದ್ವೀಪವೊಂದರಲ್ಲಿ ಒಂದು ಸೀಸನ್, ಬಹ್ರೇನಿನಲ್ಲಿ ಎರಡು, ಥಾಯ್ಲೆಂಡಿನಲ್ಲಿ ಅರ್ಧ. ಯಾವುದೋ ತಂಡದ ಆಟಗಾರನಿಗೆ ಪೆಟ್ಟಾದರೆ ಇವನಿಗೆ ಕರೆ ಬರುತ್ತಿತ್ತು. ಅವನು ವಾಸಿಯಾದ ದಿನ ಇವನು ಬ್ಯಾಗು ಕಟ್ಟಬೇಕು. ಆ ಬ್ಯಾಗಿನಲ್ಲಿ ಅಮ್ಮ ತಪ್ಪದೆ ಇಡುತ್ತಿದ್ದ ರಾಗಿಹಿಟ್ಟನ್ನು ಒಂದು ವಿಮಾನ ನಿಲ್ದಾಣದಲ್ಲಿ ಮೂರು ಜನ ಮೂಸಿ ನೋಡಿದ್ದರಂತೆ.

ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ಅವನಿಗೆ ಮಂಗೋಲಿಯಾದ ಒಂದು ಕ್ಲಬ್ಬಿನಿಂದ ಪೂರ್ತಿ ಸೀಸನ್ನಿಗೆ ಕರೆ ಬಂತು. ಮೊದಲ ಸಲ ಯಾರ ಬದಲಿಗೂ ಅಲ್ಲ. ಇದೇ ಕೊನೆಯದೂ ಇರಬಹುದು ಎಂದು ಅವನೇ ಹೇಳಿದ್ದ. ಅಲ್ಲಿಗೆ ಹೋಗಿ ವೈದ್ಯರ ತಪಾಸಣೆಯಲ್ಲಿ ಪಾಸಾಗಲು ಹನ್ನೆರಡು ದಿನ ಉಳಿದಿತ್ತು.

ನಮ್ಮ ಅಂಗಳದ ಅಂಚಿನಲ್ಲಿ ಒಂದು ಕಲ್ಲಿನ ಕಂಬವಿತ್ತು. ದ್ರಾಕ್ಷಿ ಚಪ್ಪರಕ್ಕೆ ನೆಡುವ ಕಂಬಕ್ಕಿಂತ ದಪ್ಪ, ಅದರ ಎರಡಷ್ಟು ಎತ್ತರ. ಅಣ್ಣ ಹುಡುಗನಾಗಿದ್ದಾಗ ಅಪ್ಪ ಅದಕ್ಕೆ ಒಂದು ಕಬ್ಬಿಣದ ಬಳೆ ಸಿಕ್ಕಿಸಿಕೊಟ್ಟಿದ್ದರು. ಊರಿನ ಹೈಸ್ಕೂಲು ಹುಡುಗಿಯರೂ ಆಡಲಿ ಎಂದು ಅಣ್ಣ ಈ ಸಲ ನಿಜವಾದ ರಿಂಗು, ಅದರ ಹಿಂದೆ ಕೂರುವ ಭಾರದ ಹಲಗೆ ತಂದ. ಅದನ್ನು ಕೂರಿಸಲು ಅಪ್ಪ ಕಂಬದ ನೆತ್ತಿಯ ಕೆಳಗೆ ಹೊಸದಾಗಿ ಎರಡು ತೂತು ಕೊರೆದರು.

ನಮ್ಮ ಕಡೆ ಕಲ್ಲಿಗೆ ಉಳಿ ತಾಗಿಸುವ ಮೊದಲು ಸುತ್ತಿಗೆಯಿಂದ ತಟ್ಟಿ ಕೇಳುತ್ತಾರೆ. ಗಟ್ಟಿ ಕಲ್ಲು ಗಂಟೆಯ ಹಾಗೆ ಮೊಳಗುತ್ತದೆ. ಒಳಗೆ ಬಿರುಕಿದ್ದರೆ ಸದ್ದು ಅಲ್ಲೇ ಸಾಯುತ್ತದೆ. ಆಗ ಅಪ್ಪ "ಇದು ಮಾತಾಡ್ತಿಲ್ಲ" ಎಂದು ಪಕ್ಕಕ್ಕಿಡುತ್ತಾರೆ. ವಿಗ್ರಹವಾದರೆ ಒಂದೊಂದು ಹಂತ ಮುಗಿದಾಗಲೂ ಮತ್ತೆ ತಟ್ಟುತ್ತಾರೆ. ಕಂಬವನ್ನೂ ತಟ್ಟಿದರು, ತೂತು ಕೊರೆಯುವ ಮೊದಲು. ಕೊರೆದ ಮೇಲೆ ತಟ್ಟಲಿಲ್ಲ. ಅದು ದೇವರಲ್ಲವಲ್ಲ, ಚೆಂಡಾಟದ ಕಂಬ.

ಆ ಭಾನುವಾರ ಬೆಳಗ್ಗೆ ಹೋಳೂರಿನಿಂದ ಸೋದರಮಾವ ಬಂದಿದ್ದರು. ಅಂಗಳದ ತುಂಬ ಜನ.

"ಏನ್ಲಾ ಅಳಿಯ, ದೇಶ ಎಲ್ಲಾ ನೇತಾಡ್ಕೊಂಡು ಬಂದಿದ್ದೀಯ, ಇಲ್ಲೊಂದ್ಸಲ ಈ ರಿಂಗಿಗೆ ನೇತಾಡಿ ತೋರ್ಸು. ನಾವೂ ಕಣ್ಣು ತುಂಬ ನೋಡ್ಕೊಂತೀವಿ."

"ವಯಸ್ಸಾಯ್ತು ಮಾವ, ಮಂಡಿ ಬಿಡಲ್ಲ."

"ಮಂಡಿ ನೋಡ್ಕೊಳಕ್ಕೆ ಫಾರಿನ್‌ನೋರು ಕರ್ಸ್ತಾರೇನ್ಲಾ ನಿನ್ನ?"

ಎಲ್ಲರೂ ನಕ್ಕರು. ಅಣ್ಣನೂ ನಕ್ಕು, ಚೆಂಡನ್ನು ಹಲಗೆಗೆ ಎಸೆದು, ಪುಟಿದು ಬರುವುದನ್ನು ಹಿಡಿಯಲು ಓಡಿದ. ನಾನು ಫೋನು ಹಿಡಿದಿದ್ದೆ. ಚೆಂಡು ಬಡಿದಾಗ ಕಂಬ ಮೊಳಗಲಿಲ್ಲ, ಒದ್ದೆ ಗೋಣಿಗೆ ಹೊಡೆದ ಹಾಗಾಯಿತು. ನನಗೆ ಕೇಳಿಸಿತು. ಕಲ್ಲಿನ ಮನೆಯಲ್ಲಿ ಹುಟ್ಟಿದ ನನಗೆ ಅದರ ಅರ್ಥ ಗೊತ್ತಿತ್ತು. ಆದರೂ ಫೋನನ್ನು ಇನ್ನಷ್ಟು ನೇರ ಮಾಡಿಕೊಂಡೆ.

ಅಣ್ಣ ಗಾಳಿಯಲ್ಲೇ ಚೆಂಡು ಹಿಡಿದು ಒಳಗೆ ತುರುಕಿ, ಎರಡೂ ಕೈಯಲ್ಲಿ ರಿಂಗಿಗೆ ಜೋತುಬಿದ್ದ.

"ಕೈ ಬಿಡೋ!"

ಅದು ಅಪ್ಪನ ಕೂಗು. ಅಣ್ಣ ಕೈಬಿಟ್ಟು ಅಂಗಾತ ಬಿದ್ದ. ಕಂಬದ ನೆತ್ತಿ ಹೊಸ ತೂತಿನ ಬಳಿ ತುಂಡಾಗಿ, ಹಲಗೆಯ ಸಮೇತ ಅವನ ತಲೆಯಿಂದ ಒಂದು ಗೇಣು ಆಚೆ ನೆಲಕ್ಕೆ ಇಳಿಯಿತು. ತಲೆ ಉಳಿಯಿತು. ಚಾಚಿದ್ದ ಬಲಗೈ ಹಲಗೆಯ ಅಡಿಗೆ ಸಿಕ್ಕಿತು.

ಕೋಲಾರದ ಆಸ್ಪತ್ರೆಯಲ್ಲಿ ಮಣಿಕಟ್ಟಿಗೆ ಲೋಹದ ಪಟ್ಟಿ ಹಾಕಿ, ಎರಡು ಬೆರಳಿಗೆ ತಂತಿ ಪೋಣಿಸಿದರು. ಇನ್ನು ಬರೆಯಬಹುದು, ತಟ್ಟೆ ಹಿಡಿಯಬಹುದು, ಆಡುವ ಮಾತು ಬೇಡ ಎಂದರು ಡಾಕ್ಟರು. ಮೂರನೆಯ ದಿನ ಕ್ಲಬ್ಬಿನಿಂದ ಎರಡು ಸಾಲಿನ ಸಂದೇಶ ಬಂತು. ಬೇರೊಬ್ಬನನ್ನು ತೆಗೆದುಕೊಂಡಿದ್ದರು.

ಅಂದು ಹಾಸಿಗೆಯ ಪಕ್ಕ ನಾನೊಬ್ಬಳೇ ಇದ್ದೆ. ಹೇಳದೆ ಇರಲಾಗಲಿಲ್ಲ.

"ಚೆಂಡು ಬಡಿದಾಗ್ಲೇ ನಂಗೆ ಕೇಳಿಸ್ತು ಕಣಣ್ಣ. ನಾನು ಬಾಯಿ ಬಿಡ್ಲಿಲ್ಲ."

ಅವನು ಕಿಟಕಿ ಕಡೆ ತಿರುಗಿದ.

"ನಂಗೂ ಕೇಳಿಸ್ತು ಕಣೇ. ಆಗ್ಲೇ ಓಡ್ತಾ ಇದ್ದೆ, ನಿಲ್ಲಕ್ಕೆ ಮನಸ್ಸು ಬರ್ಲಿಲ್ಲ. ಆ ದೇಶಗಳಲ್ಲೆಲ್ಲ ನಾನು ಆಡುವಾಗ ನನ್ನೋರು ಅಂತ ಒಬ್ಬರಾದ್ರೂ ಕೂತಿದ್ರಾ? ಅವತ್ತು ಅಪ್ಪ ಕೂತಿದ್ರು."

ಅಪ್ಪ ಅಲ್ಲಿಯವರೆಗೂ ಆಸ್ಪತ್ರೆಯ ಒಳಗೆ ಬಂದಿರಲಿಲ್ಲ. ಗೇಟಿನ ಹತ್ತಿರ ನಿಂತು, ಊಟದ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು ಹೋಗುತ್ತಿದ್ದರು.

ಮರುದಿನ ನಾನು ಒಳಗೆ ಹೋದಾಗ ಅಣ್ಣ ಎಡಗೈಯಲ್ಲಿ ಫೋನು ಹಿಡಿದು ತನ್ನ ಹರಕು ಇಂಗ್ಲಿಷಿನಲ್ಲಿ ಯಾರಿಗೋ ಏನೋ ವಿವರಿಸುತ್ತಿದ್ದ. ಅವರು ಕೊಡುವ ಕೋಟು ಅಲ್ಲಿನ ಚಳಿಗೆ ಸಾಲದು, ಒಳಗೆ ಉಣ್ಣೆಯದು ಎರಡು ಹಾಕಿಕೋ. ಮ್ಯಾನೇಜರ್ ಗದರುತ್ತಾನೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಆ ತಂಡದ ಬಗ್ಗೆ ತಿಂಗಳುಗಟ್ಟಲೆ ವಿಚಾರಿಸಿ ತಿಳಿದುಕೊಂಡಿದ್ದನ್ನೆಲ್ಲ ಒಂದೂ ಬಿಡದೆ ಹೇಳುತ್ತಿದ್ದ.

"ಯಾರಣ್ಣ ಅದು?"

"ನನ್ನ ಜಾಗಕ್ಕೆ ಹೋಗ್ತಿರೋನು" ಎಂದ. "ನಾನು ಬಹ್ರೇನಿಗೆ ಹೋದಾಗ, ಪೆಟ್ಟಾಗಿ ಜಾಗ ಬಿಟ್ಟೋನು ನಂಗೂ ಆಸ್ಪತ್ರೆಯಿಂದ ಫೋನ್ ಮಾಡಿ ಹಿಂಗೇ ಎಲ್ಲಾ ಹೇಳಿದ್ದ."

ಆಮೇಲೆ ಗೇಟಿನ ಕಡೆ ಕತ್ತು ತಿರುಗಿಸಿ, "ಅಪ್ಪನ್ನ ಒಳಕ್ಕೆ ಕರ್ಕೊಂಡು ಬಾ" ಎಂದ.